ಲ್ಯಾಂಬಿಕ್‌ನ ಟರ್ಬಿಡ್ ಮ್ಯಾಶ್: ಮನೆಯ ಅಳತೆಗೆ ಇಳಿಸುವಾಗ ಉಳಿಸಬೇಕಾದದ್ದು ಯಾವುದು? ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ ಮತ್ತು ಪದಬಳಕೆ

ಹುಳಿ ಬಿಯರ್ ಎಂಬ ಹೆಸರಿನಡಿ ಬರುವ ಪಾನೀಯಗಳು ಹಲವು. ಈ ಟಿಪ್ಪಣಿ ಅವುಗಳಲ್ಲಿ ಒಂದಕ್ಕೆ ಮಾತ್ರ ಸಂಬಂಧಿಸಿದ್ದು: ಬೆಲ್ಜಿಯಂನ ಬ್ರಸೆಲ್ಸ್, ಅದರ ನೈಋತ್ಯಕ್ಕಿರುವ ಪಾಯೊಟನ್‌ಲ್ಯಾಂಡ್ ಹಾಗೂ ಝೆನ್ನೆ ನದಿಯ ಕಣಿವೆಯಲ್ಲಿ ತಯಾರಾಗುವ ಲ್ಯಾಂಬಿಕ್. ಅದರಲ್ಲಿಯೂ ಇಲ್ಲಿ ಪರಿಶೀಲಿಸಿರುವುದು ಹುದುಗುವಿಕೆಗೆ ಮುಂಚಿನ ಹಂತವನ್ನು, ಅಂದರೆ ಧಾನ್ಯದ ತರಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಸಿಹಿರಸ ಇಳಿಸುವ ಮ್ಯಾಶ್ ಕ್ರಮವನ್ನು.

ಪದಗಳ ಬಗ್ಗೆ ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಮ್ಯಾಶ್‌ನಿಂದ ಇಳಿದು ಕುದಿಸುವ ಹಂಡೆಗೆ ಹೋಗುವ ರಸ ವರ್ಟ್. ಕೊನೆಯಲ್ಲಿ ಧಾನ್ಯದ ಹಾಸಿನ ಮೇಲೆ ಸುರಿದು ಉಳಿದ ಸಾರವನ್ನು ತೊಳೆದು ಇಳಿಸುವ ಬಿಸಿನೀರು ಸ್ಪಾರ್ಜ್. ಮ್ಯಾಶ್ ನಡೆಯುತ್ತಿರುವಾಗಲೇ, ಪಿಷ್ಟ ಸಕ್ಕರೆಯಾಗಿ ಮುಗಿಯುವ ಮುನ್ನ, ಸ್ವಲ್ಪ ಭಾಗವನ್ನು ಹೊರತೆಗೆದು ಬೇರೆ ಪಾತ್ರೆಯಲ್ಲಿ ಕಾಯಿಸುವ ಕ್ರಮ ಟರ್ಬಿಡ್ ಮ್ಯಾಶ್. ಹಾಗೆ ತೆಗೆದದ್ದನ್ನು ಇಲ್ಲಿ ‘ಕದಡು ದ್ರವ’ ಎಂದು ಕರೆದಿದೆ. ಫ್ಲೆಮಿಶ್ ಬ್ರೂಯರ್‌ಗಳ ಮಾತಿನಲ್ಲಿ ಅದು ‘ಸ್ಲೈಮ್’, ಅರ್ಥ ಲೋಳೆ.

ಕಾನೂನಿನ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರ ಅಕ್ಟೋಬರ್ 14ರಂದು ಸಹಿಯಾದ ಒಕ್ಕೂಟ ಕಾನೂನು ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳುವುದಕ್ಕೆ ಮಿತಿಯೊಳಗೆ ತೆರಿಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಮುಂದಿನ ‘ಮನೆಯ ಅಳತೆ’ಯ ಲೆಕ್ಕಗಳು ಅದಕ್ಕೆ ಕಾನೂನಿನ ಅವಕಾಶವಿರುವ ನಾಡುಗಳಿಗೆ ಅನ್ವಯಿಸುತ್ತವೆ.

2. ಮೂರು ವರ್ಷಗಳು: 1822, 1851, 1885

ಟರ್ಬಿಡ್ ಮ್ಯಾಶ್ ಹುಟ್ಟಿದ್ದು ತೆರಿಗೆಯಿಂದ ಎಂಬ ಹೇಳಿಕೆ ಮನೆಬ್ರೂಯಿಂಗ್ ಪುಸ್ತಕಗಳಲ್ಲಿ ಸಾಮಾನ್ಯ. ಇದರ ಆಧಾರವನ್ನು ಬಿಡಿಸಿ ನೋಡಬೇಕಾಗುತ್ತದೆ.

ಇಂದಿನ ಬೆಲ್ಜಿಯಂ 1815ರಿಂದ 1830ರವರೆಗೆ ನೆದರ್ಲೆಂಡ್ಸ್ ರಾಜ್ಯದ ಭಾಗವಾಗಿತ್ತು. ಆ ಅವಧಿಯ 1822ರ ಕಾನೂನು ಬಿಯರ್ ತೆರಿಗೆಯನ್ನು ಮ್ಯಾಶ್ ತೊಟ್ಟಿಯ ಗಾತ್ರದ ಮೇಲೆ ವಿಧಿಸಿತು. ತೊಟ್ಟಿಯೊಳಗೆ ಎಷ್ಟು ಧಾನ್ಯ ಹಾಕಿದರು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ಸಣ್ಣ ತೊಟ್ಟಿಯಲ್ಲಿ ಧಾನ್ಯವನ್ನು ಅಂಚಿನವರೆಗೆ ತುಂಬಿ, ನೀರಿಗೆ ಜಾಗ ಬೇಕಾದಾಗ ಒಂದಷ್ಟು ದ್ರವವನ್ನು ತೆಗೆದು ಬೇರೆ ಹಂಡೆಗೆ ಸಾಗಿಸುವುದು ಲಾಭದಾಯಕವಾಯಿತು. ಸ್ವಾತಂತ್ರ್ಯದ ನಂತರವೂ ತೆರಿಗೆಯ ಈ ತಳಹದಿ ದೀರ್ಘಕಾಲ ಮುಂದುವರಿಯಿತು. 1885ರ ಕಾನೂನು ತೊಟ್ಟಿಯ ಗಾತ್ರದ ಬದಲು ಕಚ್ಚಾವಸ್ತುವಿನ ತೂಕದ ಮೇಲೆ ತೆರಿಗೆ ಕಟ್ಟುವ ಆಯ್ಕೆಯನ್ನು ಕೊಟ್ಟಿತು.

ಇವೆರಡರ ನಡುವಿನ ಮುಖ್ಯ ಆಕರ ಜಿ. ಲಕಾಂಬ್ರ 1851ರಲ್ಲಿ ಬ್ರಸೆಲ್ಸ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಬಿಯರ್ ತಯಾರಿಕೆಯ ಬೃಹತ್ ಗ್ರಂಥ. ಬೆಲ್ಜಿಯಂನ ಅನೇಕ ಊರುಗಳ ಬಿಯರ್‌ಗಳ ಕ್ರಮವನ್ನು ಅದು ದಾಖಲಿಸುತ್ತದೆ. ಆ ಕಾಲದ ಬೆಲ್ಜಿಯಂನಲ್ಲಿ ಮ್ಯಾಶ್‌ನೊಳಗೆ ಹೆಣೆದ ಬುಟ್ಟಿಗಳನ್ನು ಒತ್ತಿ, ಬುಟ್ಟಿಯೊಳಕ್ಕೆ ಜಿನುಗಿದ ದ್ರವವನ್ನು ಮೊಗೆಯುವ ಪದ್ಧತಿ ಇತ್ತು. ತೂತುಗಳಿರುವ ತಳದಿಂದ ದ್ರವ ತಾನಾಗಿ ಇಳಿಯದಷ್ಟು ಗಟ್ಟಿಯಾದ ಮ್ಯಾಶ್‌ಗೆ ಇದು ಹೊಂದುವ ಉಪಾಯ. ಬುಟ್ಟಿಯ ಹೆಣಿಗೆಯ ಮೂಲಕ ಬರುವ ದ್ರವ ಸೋಸಿದ ವರ್ಟ್‌ನಂತೆ ತಿಳಿಯಾಗಿರುವುದು ಸಾಧ್ಯವಿಲ್ಲ, ಹಿಟ್ಟಿನ ಕಣಗಳು ಜೊತೆಗೇ ಬರುತ್ತವೆ.

ಈ ಮೂರು ವರ್ಷಗಳಿಂದ ಗರಿಷ್ಠ ಎಷ್ಟು ಹೇಳಬಹುದು? 1822ರ ಕಾನೂನು ಗಟ್ಟಿ ಮ್ಯಾಶ್‌ಗೆ ಬಲವಾದ ಆರ್ಥಿಕ ಕಾರಣ ಒದಗಿಸಿತು ಎನ್ನುವುದಕ್ಕೆ ಆಧಾರ ಸಾಕಷ್ಟಿದೆ. ಕದಡು ದ್ರವ ತೆಗೆಯುವ ಕ್ರಮ ಆ ಕಾನೂನಿನಿಂದಲೇ ಹುಟ್ಟಿತು ಎಂಬುದು ಬೇರೆಯದೇ ಹೇಳಿಕೆ, ಮೊದಲನೆಯದರಿಂದ ಅದು ತಾನಾಗಿ ಸಿದ್ಧವಾಗುವುದಿಲ್ಲ. 1885ರ ನಂತರವೂ ಕ್ರಮ ಉಳಿದುಬಂದದ್ದನ್ನು ತೆರಿಗೆಯೊಂದರಿಂದಲೇ ವಿವರಿಸುವುದೂ ಕಷ್ಟ.

ಇಲ್ಲಿ ಒಂದು ಕಾಲಗಣನೆಯ ಎಚ್ಚರಿಕೆ ಅಗತ್ಯ. ಬ್ರಸೆಲ್ಸ್‌ನ ಆಂಡರ್ಲೆಕ್ಟ್‌ನಲ್ಲಿರುವ ಕ್ಯಾಂಟಿಯೊಂ ಬ್ರೂವರಿ ಇಂದು ಈ ಕ್ರಮದ ಅತಿ ಪರಿಚಿತ ಉದಾಹರಣೆ. ಅದರ ಸ್ಥಾಪನೆ 1900. ಆದರೆ 1900ರಲ್ಲಿ ಆರಂಭವಾದದ್ದು ಬೇರೆಯವರು ತಯಾರಿಸಿದ ಲ್ಯಾಂಬಿಕ್ಕನ್ನು ತಂದು ಬೆರೆಸಿ ಗೂಝ್ ಮಾಡುವ ಮನೆಯಾಗಿ. ಸ್ವಂತ ಬ್ರೂಯಿಂಗ್ ಶುರುವಾದದ್ದು 1930ರ ದಶಕದ ಉತ್ತರಾರ್ಧದಲ್ಲಿ. ‘1900ರಿಂದ ಅದೇ ಮ್ಯಾಶ್’ ಎಂಬ ಅರ್ಥ ಬರುವ ವಾಕ್ಯಗಳು ಈ ಎರಡು ಘಟನೆಗಳನ್ನು ಒಂದಾಗಿಸುತ್ತವೆ.

3. ಕ್ರಮದ ಪಾಠ ಮತ್ತು ಪಾಠಭೇದ

ಮನೆಬ್ರೂಯರ್‌ಗಳ ನಡುವೆ ಬಳಕೆಯಲ್ಲಿರುವ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಕೊಡಬಹುದು.

ಅ) ಬಾರ್ಲಿ ಮಾಲ್ಟ್ ಮತ್ತು ಮೊಳಕೆ ಬರಿಸದ ಗೋಧಿಯ ತರಿಯನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ 45° ಸೆ.ಗೆ ತರುವುದು.
ಆ) ಕುದಿನೀರು ಸೇರಿಸಿ 52° ಸೆ.ಗೆ ಏರಿಸಿ, ಮೊದಲ ಕದಡು ದ್ರವವನ್ನು ತೆಗೆದು ಬೇರೆ ಕಾಯಿಸುವುದು.
ಇ) ಮತ್ತೆ ಕುದಿನೀರು ಸೇರಿಸಿ 65° ಸೆ.ಗೆ ಏರಿಸುವುದು, ಸುಮಾರು ಅರ್ಧ ಗಂಟೆಯ ನಂತರ ಎರಡನೆಯ ಕದಡು ದ್ರವ ತೆಗೆಯುವುದು.
ಈ) ಕುದಿನೀರಿನಿಂದ 72° ಸೆ. ತಲುಪಿ, ಬಳಿಕ ತಿಳಿ ವರ್ಟನ್ನು ಹಂಡೆಗೆ ಇಳಿಸುವುದು.
ಉ) ಕಾಯಿಸಿಟ್ಟ ಕದಡು ದ್ರವವನ್ನು ಮ್ಯಾಶ್‌ಗೆ ಮರಳಿಸಿ ಸುಮಾರು 75° ಸೆ.ನಲ್ಲಿ ನಿಲ್ಲಿಸುವುದು.
ಊ) ಸುಮಾರು 85° ಸೆ.ನ ಸ್ಪಾರ್ಜ್ ನೀರಿನಿಂದ ತೊಳೆಯುವುದು.

ಪಾಠಭೇದ ಇರುವುದು ‘ಆ’ ಹಂತದಲ್ಲಿ. ಕೆಲವು ಪಟ್ಟಿಗಳಲ್ಲಿ ಅದು 52°, ಮತ್ತೆ ಕೆಲವಲ್ಲಿ 58°. ಫ್ಯಾರನ್‌ಹೀಟ್‌ನಲ್ಲಿ ಇವು 126 ಮತ್ತು 136, ವ್ಯತ್ಯಾಸ ಒಂದೇ ಅಂಕಿಯದು. ಆದರೆ ಇದನ್ನು ಮುದ್ರಣದ ಅಥವಾ ನಕಲಿನ ಕೈತಪ್ಪು ಎಂದು ತೀರ್ಮಾನಿಸಲು ಇಷ್ಟು ಸಾಲದು, ಏಕೆಂದರೆ 58° ರಾಸಾಯನಿಕವಾಗಿ ಅಸಂಭವವಾದ ಹಂತವೇನಲ್ಲ. ಗಮನಿಸಬೇಕಾದದ್ದು ಬೇರೆ. 52°ಯಲ್ಲಿ ಬಾರ್ಲಿ, ಗೋಧಿಗಳ ಪಿಷ್ಟದ ಹೆಚ್ಚಿನ ಕಣಗಳು ಇನ್ನೂ ಬೆಂದಿರುವುದಿಲ್ಲ. 58° ಎಂದರೆ ಗೋಧಿಯ ಪಿಷ್ಟ ಬೇಯತೊಡಗುವ ಅಂಚು, ಬೀಟಾ-ಅಮೈಲೇಸ್ ಕಿಣ್ವ ಚುರುಕಾಗಿರುವ ಜಾಗ. ಹಾಗಾಗಿ ಎರಡೂ ಪಾಠಗಳಲ್ಲಿ ‘ಮೊದಲ ಕದಡು ದ್ರವ’ ಎಂಬ ಹೆಸರು ಒಂದೇ ಆದರೂ ಒಳಗಿನ ವಸ್ತು ಒಂದೇ ಅಲ್ಲ. ಮುಂದಿನ ಲೆಕ್ಕಕ್ಕೆ 52°ಯ ಪಾಠವನ್ನು ತೆಗೆದುಕೊಂಡಿದೆ.

4. ಕದಡು ದ್ರವದೊಳಗೆ ನಡೆಯುವುದು

52°ಯಲ್ಲಿ ತೆಗೆದ ದ್ರವ ನೋಡಲು ಕಲಗಚ್ಚಿನಂತೆ ಇರುತ್ತದೆ. ಅಲ್ಲಾಡಿಸದೆ ಬಿಟ್ಟರೆ ತಳದಲ್ಲಿ ಬಿಳಿಯ ಗಷ್ಟು ಕೂರುತ್ತದೆ. ಅದು ಬೇಯದ ಪಿಷ್ಟ. ಒಲೆಯ ಮೇಲಿಟ್ಟಾಗ 60° ದಾಟುತ್ತಿದ್ದಂತೆ ದ್ರವ ಗಂಜಿಯ ಹದಕ್ಕೆ ಬರತೊಡಗುತ್ತದೆ, ಸೌಟು ಆಡಿಸದಿದ್ದರೆ ತಳ ಹಿಡಿಯುತ್ತದೆ. ಇನ್ನೂ ಮೇಲೇರಿದಾಗ ಪ್ರೋಟೀನು ಒಡೆದು ಸಣ್ಣ ಚಕ್ಕೆಗಳಾಗಿ ತೇಲುತ್ತದೆ.

ಈ ಕಾಯಿಸುವಿಕೆಯ ಉದ್ದೇಶವನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಹೇಳಲಾಗುತ್ತದೆ: ಕಿಣ್ವಗಳನ್ನು ಕೊಂದು ಪಿಷ್ಟವನ್ನು ಉಳಿಸುವುದು. ಈ ವಾಕ್ಯ ತಪ್ಪಲ್ಲ, ಆದರೆ ಅಪೂರ್ಣ. ದ್ರವದಲ್ಲಿ ಪಿಷ್ಟದ ಜೊತೆ ಮಾಲ್ಟ್‌ನ ಕಿಣ್ವಗಳೂ ಕರಗಿಕೊಂಡೇ ಬಂದಿರುತ್ತವೆ. ಪಿಷ್ಟ ಬೇಯುವುದು ಸುಮಾರು 58°ಯಿಂದ 65°ಯ ನಡುವೆ. ಬೀಟಾ-ಅಮೈಲೇಸ್ ಚೆನ್ನಾಗಿ ಕೆಲಸ ಮಾಡುವುದು 60–65°ಯಲ್ಲಿ, ಆಲ್ಫಾ-ಅಮೈಲೇಸ್ 70–75°ಯಲ್ಲಿ. ಆಲ್ಫಾ-ಅಮೈಲೇಸ್ ಬೇಗ ಕೆಡತೊಡಗುವುದು 80°ಯ ಆಸುಪಾಸಿನಲ್ಲಿ. ಅಂದರೆ ಕಿಣ್ವ ಕೆಡುವ ಉಷ್ಣತೆಗೆ ಹೋಗುವ ದಾರಿಯಲ್ಲೇ ಪಿಷ್ಟ ಬೇಯುತ್ತದೆ, ಅದೇ ದಾರಿಯಲ್ಲಿ ಕಿಣ್ವಗಳು ಅತ್ಯಂತ ಚುರುಕಾಗಿಯೂ ಇರುತ್ತವೆ.

ಆದುದರಿಂದ ಪಿಷ್ಟ ಎಷ್ಟು ಉಳಿಯುತ್ತದೆ ಎಂಬುದು ಕೊನೆಯ ಉಷ್ಣತೆಯನ್ನಷ್ಟೇ ಅವಲಂಬಿಸಿಲ್ಲ. 60°ಯಿಂದ 75°ಯವರೆಗಿನ 15 ಡಿಗ್ರಿಗಳನ್ನು ದಾಟಲು ತಗಲುವ ಸಮಯವೂ ಅಷ್ಟೇ ಮುಖ್ಯ. ನಿಮಿಷಕ್ಕೆ 1 ಡಿಗ್ರಿಯಂತೆ ಏರಿದರೆ 15 ನಿಮಿಷ, 5 ಡಿಗ್ರಿಯಂತೆ ಏರಿದರೆ 3 ನಿಮಿಷ. ನೂರಾರು ಲೀಟರ್ ಹಿಡಿಯುವ ಹಂಡೆ ಮೊದಲನೆಯದಕ್ಕೆ ಹತ್ತಿರ, ಅಡುಗೆಮನೆಯ ಒಲೆಯ ಮೇಲಿನ ಒಂದೂವರೆ ಲೀಟರ್ ಪಾತ್ರೆ ಎರಡನೆಯದಕ್ಕೆ ಹತ್ತಿರ. ಉಷ್ಣತೆಯ ಪಟ್ಟಿಯನ್ನು ಅಕ್ಷರಶಃ ಪಾಲಿಸಿದ ಮನೆಬ್ರೂಯರ್‌ಗೆ ದೊಡ್ಡ ಬ್ರೂವರಿಗಿಂತ ಹೆಚ್ಚು ಪಿಷ್ಟ ಉಳಿದಿರುವ ಸಾಧ್ಯತೆ ಇದೆ. ಪ್ರಚಲಿತ ಪಟ್ಟಿಗಳು ಉಷ್ಣತೆಯನ್ನೂ ನಿಲುಗಡೆಯ ನಿಮಿಷಗಳನ್ನೂ ಕೊಡುತ್ತವೆ, ಕದಡು ದ್ರವ ಏರುವ ವೇಗವನ್ನು ಕೊಡುವುದು ಅಪರೂಪ. ಅಳತೆ ಬದಲಾದಾಗ ಕಳೆದುಹೋಗುವ ಮಾಹಿತಿ ಇದೇ.

ಇನ್ನೊಂದು ಅಂಶ ‘ಉ’ ಹಂತದ್ದು. ಕಾಯಿಸಿದ ದ್ರವ ಮ್ಯಾಶ್‌ಗೆ ಮರಳಿ 75°ಯಲ್ಲಿ ನಿಂತಾಗ, ಮ್ಯಾಶ್‌ನಲ್ಲೇ ಉಳಿದಿದ್ದ ಆಲ್ಫಾ-ಅಮೈಲೇಸ್ ಪೂರ್ತಿ ಸತ್ತಿರುವುದಿಲ್ಲ. ಬೆಂದ ಪಿಷ್ಟದ ಒಂದು ಭಾಗವನ್ನು ಅದು ಡೆಕ್ಸ್ಟ್ರಿನ್‌ಗಳಾಗಿ ಕತ್ತರಿಸುತ್ತದೆ. ಬೀಟಾ-ಅಮೈಲೇಸ್ ಆ ಹೊತ್ತಿಗೆ ಬಹುಮಟ್ಟಿಗೆ ಕೆಟ್ಟಿರುವುದರಿಂದ ಡೆಕ್ಸ್ಟ್ರಿನ್ ಮುಂದೆ ಮಾಲ್ಟೋಸ್ ಆಗುವುದು ಕಡಿಮೆ. ಹೀಗಾಗಿ ‘ಟರ್ಬಿಡ್ ಮ್ಯಾಶ್‌ನ ವರ್ಟ್ ಪಿಷ್ಟಭರಿತ’ ಎನ್ನುವುದಕ್ಕಿಂತ ‘ಡೆಕ್ಸ್ಟ್ರಿನ್ ಹೆಚ್ಚಿದ್ದು, ಪಿಷ್ಟವೂ ಸ್ವಲ್ಪ ಇರುವ ವರ್ಟ್’ ಎನ್ನುವುದು ಹೆಚ್ಚು ಸರಿಯಾದ ವಿವರಣೆ.

5. 20 ಲೀಟರಿಗೆ ಇಳಿಸಿದ ಲೆಕ್ಕ

ಕ್ಯಾಂಟಿಯೊಂ ತನ್ನ ಭೇಟಿಗಾರರಿಗೆ ಕೊಡುವ ವಿವರಣೆಯ ಪ್ರಕಾರ ಒಂದು ಬ್ರೂಗೆ 1,300 ಕೆ.ಜಿ. ಧಾನ್ಯ, ಅದರಲ್ಲಿ ಶೇ. 65 ಬಾರ್ಲಿ ಮಾಲ್ಟ್, ಶೇ. 35 ಮೊಳಕೆ ಬರಿಸದ ಗೋಧಿ. ಇಳಿದ 10,000 ಲೀಟರ್ ವರ್ಟ್ ಕುದಿದು 7,500 ಲೀಟರಿಗೆ ಬರುತ್ತದೆ. ಇದೇ ಅನುಪಾತದಲ್ಲಿ 20 ಲೀಟರಿಗೆ 3.47 ಕೆ.ಜಿ. ಧಾನ್ಯ ಬೇಕು: ಮಾಲ್ಟ್ 2.26, ಗೋಧಿ 1.21. ಕುದಿಯುವ ಮುನ್ನ ಇರಬೇಕಾದ ವರ್ಟ್ 26.7 ಲೀಟರ್.

ಮುಂದಿನ ಅಂಕಿಗಳು ಐತಿಹಾಸಿಕ ದಾಖಲೆಯಲ್ಲ, ಉಷ್ಣ ಸಮತೋಲನದ ಲೆಕ್ಕ. ಊಹೆಗಳು ಹೀಗಿವೆ. ಧಾನ್ಯದ ಆರಂಭದ ಉಷ್ಣತೆ 25°. ಅದರ ಉಷ್ಣಧಾರಣೆ ನೀರಿನ 0.4 ಪಾಲು. ಕದಡು ದ್ರವವನ್ನು ಉಷ್ಣದ ಮಟ್ಟಿಗೆ ನೀರೆಂದೇ ಎಣಿಸಿದೆ. ಪಾತ್ರೆಗೆ ಹೋಗುವ ಶಾಖವನ್ನು ಬಿಟ್ಟಿದೆ. ಕುದಿನೀರು 100°.

ಮೊದಲು 2.8 ಲೀಟರ್ ನೀರು 54.9°ಯಲ್ಲಿ ಹಾಕಿದರೆ ಮ್ಯಾಶ್ 45°ಗೆ ನಿಲ್ಲುತ್ತದೆ. 0.61 ಲೀಟರ್ ಕುದಿನೀರು ಅದನ್ನು 52°ಗೆ ಒಯ್ಯುತ್ತದೆ. 0.3 ಲೀಟರ್ ಕದಡು ದ್ರವ ತೆಗೆದ ಬಳಿಕ 65° ತಲುಪಲು 1.67 ಲೀಟರ್ ಕುದಿನೀರು ಬೇಕು. ಆಮೇಲೆ 1.2 ಲೀಟರ್ ಕದಡು ದ್ರವ ತೆಗೆದು 1.24 ಲೀಟರ್ ಕುದಿನೀರು ಸೇರಿಸಿದರೆ 72°. ಇಲ್ಲಿ 1.2 ಲೀಟರ್ ತಿಳಿ ವರ್ಟ್ ಹಂಡೆಗೆ ಇಳಿಯುತ್ತದೆ. ಒಟ್ಟು 1.5 ಲೀಟರ್ ಕದಡು ದ್ರವವನ್ನು 85°ಯಲ್ಲಿ ಮರಳಿಸಿದರೆ ಮ್ಯಾಶ್ 75.0°ಗೆ ಬರುತ್ತದೆ. ಪಾಠದಲ್ಲಿರುವ 75° ಇಲ್ಲಿ ಬೇರೆ ಹೊಂದಾಣಿಕೆಯಿಲ್ಲದೆ ಸಿಗುವುದು ಪಾಠದ ಒಳಸುಸಂಗತಿಗೆ ಅನುಕೂಲವಾದ ಸೂಚನೆ. ಆದರೆ ತೆಗೆಯುವ ಪ್ರಮಾಣಗಳನ್ನು ಆಯ್ದದ್ದು ಈ ಟಿಪ್ಪಣಿಯೇ ಆದ್ದರಿಂದ ಅದನ್ನು ಪುರಾವೆ ಎಂದು ಪರಿಗಣಿಸುವಂತಿಲ್ಲ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬರುತ್ತವೆ.

ಮೊದಲನೆಯದು, ಎಲ್ಲ ಏರಿಕೆಗಳಿಗೂ ಸೇರಿ ಬಳಕೆಯಾದ ನೀರು 6.32 ಲೀಟರ್ ಮಾತ್ರ. ಧಾನ್ಯ ಕೆ.ಜಿ.ಗೆ 1 ಲೀಟರಿನಂತೆ ಹೀರಿಕೊಳ್ಳುತ್ತದೆ ಎಂದು ಇಟ್ಟುಕೊಂಡರೆ, 26.7 ಲೀಟರ್ ತಲುಪಲು ಬೇಕಾದ ಸ್ಪಾರ್ಜ್ ನೀರು 23.85 ಲೀಟರ್. ಒಟ್ಟು ನೀರಿನ ಶೇ. 79 ಕೊನೆಯ ತೊಳೆತದಲ್ಲೇ ಬರುತ್ತದೆ. ಟರ್ಬಿಡ್ ಮ್ಯಾಶ್ ಕುರಿತ ಬರಹಗಳು ಹೆಚ್ಚಾಗಿ ಕದಡು ದ್ರವದ ಕಡೆ ಗಮನ ಹರಿಸುತ್ತವೆ. ಪ್ರಮಾಣದ ದೃಷ್ಟಿಯಿಂದ ಇದು ಮುಖ್ಯವಾಗಿ 85°ಯ ಸ್ಪಾರ್ಜ್‌ನ ಕ್ರಮ. ಸಾಮಾನ್ಯ ಬ್ರೂಯಿಂಗ್‌ನಲ್ಲಿ ಸ್ಪಾರ್ಜ್ ನೀರನ್ನು 76–78°ಯ ಆಸುಪಾಸಿನಲ್ಲಿ ಇರಿಸುವುದು ವಾಡಿಕೆ. 85°ಯ ನೀರು ಧಾನ್ಯದಲ್ಲಿ ಉಳಿದ ಪಿಷ್ಟವನ್ನೂ ಬೇಯಿಸಿ, ಕಿಣ್ವಗಳ ಕೈಗೆ ಸಿಗದಂತೆ ಹಂಡೆಗೆ ಒಯ್ಯುತ್ತದೆ. ಮೂರು-ನಾಲ್ಕು ಗಂಟೆಗಳ ದೀರ್ಘ ಕುದಿತಕ್ಕೂ ಇಲ್ಲಿಯೇ ಕಾರಣದ ಒಂದು ಭಾಗ ಕಾಣುತ್ತದೆ: ಇಷ್ಟು ತೊಳೆದ ವರ್ಟ್ ತೆಳುವಾಗಿರುತ್ತದೆ, ಕಾಲು ಭಾಗ ಆವಿಯಾಗದೆ ಸಾಂದ್ರತೆ ಬರುವುದಿಲ್ಲ.

ಎರಡನೆಯದು, ಎರಡನೆಯ ಕದಡು ದ್ರವ ತೆಗೆದ ಮೇಲೆ ಮ್ಯಾಶ್‌ನಲ್ಲಿ ಉಳಿಯುವ ನೀರು 3.58 ಲೀಟರ್, ಧಾನ್ಯ ಹೀರುವಷ್ಟಕ್ಕೆ ತೀರ ಹತ್ತಿರ. ಇಷ್ಟು ಗಟ್ಟಿ ಮ್ಯಾಶ್‌ನಿಂದ ನಲ್ಲಿ ತಿರುಗಿಸಿ ದ್ರವ ಇಳಿಸುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಬುಟ್ಟಿಯ ಅಗತ್ಯ ಇದರಿಂದ ಅರ್ಥವಾಗುತ್ತದೆ. ಮನೆಯಲ್ಲಿ ದೊಡ್ಡ ಜಾಲರಿಯನ್ನು ಮ್ಯಾಶ್‌ನೊಳಗೆ ಒತ್ತಿ, ಒಳಗೆ ಜಿನುಗಿದ್ದನ್ನು ಲೋಟದಿಂದ ಮೊಗೆಯುವುದು ಅದೇ ಉಪಾಯದ ಸಣ್ಣ ರೂಪ.

ಸ್ಥಳದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 95°ಗೆ. ಅಲ್ಲಿ 52°ಯಿಂದ 65°ಗೆ ಏರಲು 1.67 ಲೀಟರ್ ಸಾಲದು, 1.95 ಲೀಟರ್ ಬೇಕು. ಸಮುದ್ರಮಟ್ಟದ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡರೆ ಪ್ರತಿ ಹಂತವೂ ಗುರಿಗಿಂತ ಕೆಳಗೆ ನಿಲ್ಲುತ್ತದೆ.

6. ಆಮ್ಲದ ಲೆಕ್ಕ

ಹುಳಿ ಬರಬೇಕಾದರೆ ಟರ್ಬಿಡ್ ಮ್ಯಾಶ್ ಅನಿವಾರ್ಯ ಎಂಬ ಅಭಿಪ್ರಾಯವನ್ನು ಸರಳ ಲೆಕ್ಕದಿಂದ ಪರಿಶೀಲಿಸಬಹುದು.

ಲೀಟರಿಗೆ 173 ಗ್ರಾಂ ಧಾನ್ಯದಿಂದ ಶೇ. 72–73ರಷ್ಟು ಸಾರ ಇಳಿದರೆ ವರ್ಟ್‌ನಲ್ಲಿ ಲೀಟರಿಗೆ ಸುಮಾರು 126 ಗ್ರಾಂ ಸಾರವಿರುತ್ತದೆ, ಅಂದರೆ 12° ಪ್ಲೇಟೊ. ಲ್ಯಾಕ್ಟಿಕ್ ಆಮ್ಲ ಮಾತ್ರ ಉತ್ಪಾದಿಸುವ ಹುದುಗುವಿಕೆಯಲ್ಲಿ ಒಂದು ಗ್ಲೂಕೋಸ್ ಅಣು ಎರಡು ಲ್ಯಾಕ್ಟಿಕ್ ಆಮ್ಲದ ಅಣುಗಳಾಗುತ್ತದೆ: 180 ಗ್ರಾಂನಿಂದ 180 ಗ್ರಾಂ. ಲೀಟರಿಗೆ 4 ಗ್ರಾಂ ಆಮ್ಲ ಬೇಕಾದರೆ 4 ಗ್ರಾಂ ಸಕ್ಕರೆ ಸಾಕು. ಅದು ಒಟ್ಟು ಸಾರದ ಶೇ. 3.2.

ಸಾಮಾನ್ಯ ಮ್ಯಾಶ್‌ನ ವರ್ಟ್‌ನಲ್ಲಿ ಬ್ರೂವರಿಯ ಯೀಸ್ಟ್ ಸಾರದ ಸುಮಾರು ಶೇ. 65ನ್ನು ಬಳಸಿಕೊಳ್ಳುತ್ತದೆ ಎಂದು ಹಿಡಿದರೆ, ಉಳಿಯುವುದು ಲೀಟರಿಗೆ 44 ಗ್ರಾಂ. ಇದರಲ್ಲಿ ಪ್ರೋಟೀನು ಮುಂತಾದ ಸಕ್ಕರೆಯೇತರ ಅಂಶಗಳಿಗೆ ಉದಾರವಾಗಿ ಮೂರನೇ ಒಂದು ಭಾಗ ಕಳೆದರೂ 29 ಗ್ರಾಂ ಉಳಿಯುತ್ತದೆ, ಆಮ್ಲಕ್ಕೆ ಬೇಕಾದದ್ದರ ಏಳು ಪಟ್ಟು. ಆದ್ದರಿಂದ ಆಮ್ಲದ ಪ್ರಮಾಣವೊಂದನ್ನೇ ಮಾನದಂಡವಾಗಿಟ್ಟರೆ ಟರ್ಬಿಡ್ ಮ್ಯಾಶ್ ಅನಿವಾರ್ಯವೆಂದು ಹೇಳುವುದು ಕಷ್ಟ.

ಈ ಲೆಕ್ಕದ ಮಿತಿಯೂ ಸ್ಪಷ್ಟವಿರಲಿ. ಉಳಿದ 29 ಗ್ರಾಂ ಬಹುಪಾಲು ಡೆಕ್ಸ್ಟ್ರಿನ್, ಆಮ್ಲ ಮಾಡುವ ಬ್ಯಾಕ್ಟೀರಿಯಾಗಳಿಗೆಲ್ಲ ಅದು ನೇರವಾಗಿ ದಕ್ಕುವ ಆಹಾರವಲ್ಲ. ಆಹಾರ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಯಾರ ಕೈಗೆ, ಯಾವಾಗ ಸಿಗುತ್ತದೆ ಎಂಬುದು ಇನ್ನೊಂದು.

7. ಡೆಕ್ಸ್ಟ್ರಿನ್ ಯಾರಿಗೆ?

ಈ ಎರಡನೆಯ ಪ್ರಶ್ನೆಗೆ ಪ್ರಕಟಿತ ಅಧ್ಯಯನಗಳು ಒಂದು ಮಟ್ಟಿಗೆ ಉತ್ತರ ಕೊಡುತ್ತವೆ. ಲೂವೆನ್‌ನ ವಾನ್ ಓವೆಲೆನ್, ವೆರಾಖ್ಟರ್ಟ್ ಮತ್ತು ಸಹಲೇಖಕರು 1977ರಲ್ಲಿ ಲ್ಯಾಂಬಿಕ್‌ನ ಹುದುಗುವಿಕೆ ಹಂತಹಂತವಾಗಿ ಜೀವಿಗಳನ್ನು ಬದಲಿಸುತ್ತಾ ಸಾಗುತ್ತದೆಂದು ತೋರಿಸಿದರು. ಮೊದಲ ವಾರಗಳಲ್ಲಿ ಎಂಟರೋಬ್ಯಾಕ್ಟೀರಿಯಾ, ಬಳಿಕ ಸ್ಯಾಕರೊಮೈಸಿಸ್, ಆಮೇಲೆ ಪೀಡಿಯೊಕಾಕಸ್, ತಿಂಗಳುಗಳ ನಂತರ ಬ್ರೆಟ್ಟಾನೊಮೈಸಿಸ್. 2014ರಲ್ಲಿ ಸ್ಪಿಟಾಲ್ಸ್ ಮತ್ತು ಸಹಲೇಖಕರು ಸಾಂಪ್ರದಾಯಿಕ ಲ್ಯಾಂಬಿಕ್‌ನ ಮೇಲೆ ನಡೆಸಿದ ಅಧ್ಯಯನವೂ ಸ್ಥೂಲವಾಗಿ ಇದೇ ಸರಣಿಯನ್ನು ಕಂಡಿತು.

ಕುಮಾರ ಮತ್ತು ವೆರಾಖ್ಟರ್ಟ್ 1991ರಲ್ಲಿ ಲ್ಯಾಂಬಿಕ್‌ನ ಅತಿಕ್ಷಯಕ್ಕೆ, ಅಂದರೆ ಸಾಮಾನ್ಯ ಯೀಸ್ಟ್ ನಿಲ್ಲುವ ಜಾಗದಿಂದಾಚೆಗೂ ಸಾರ ಇಳಿಯುವುದಕ್ಕೆ, ಕಾರಣವಾಗುವ ಜೀವಿಗಳನ್ನು ಪರಿಶೀಲಿಸಿದರು. ಕುಮಾರ, ಡಿ ಕಾರ್ಟ್, ವೆರಾಖ್ಟರ್ಟ್ 1993ರಲ್ಲಿ ಬ್ರೆಟ್ಟಾನೊಮೈಸಿಸ್ ಲ್ಯಾಂಬಿಕಸ್‌ನ ಆಲ್ಫಾ-ಗ್ಲುಕೋಸಿಡೇಸ್ ಕಿಣ್ವವನ್ನು ವಿವರಿಸಿದರು. ಡೆಕ್ಸ್ಟ್ರಿನ್‌ಗಳನ್ನು ಗ್ಲೂಕೋಸ್ ಆಗಿ ಒಡೆಯುವ ಸಾಮರ್ಥ್ಯದ ನೆಲೆ ಇದು. ಸಾಮಾನ್ಯ ಯೀಸ್ಟ್ ಬಿಟ್ಟುಹೋದ ಆಹಾರವನ್ನು ನಿಧಾನವಾಗಿ, ತಿಂಗಳುಗಟ್ಟಲೆ ಬಳಸಿಕೊಳ್ಳುವ ಜೀವಿ ಇದ್ದಾಗ ಡೆಕ್ಸ್ಟ್ರಿನ್ ಹೆಚ್ಚಿರುವ ವರ್ಟ್‌ಗೆ ಅರ್ಥ ಬರುತ್ತದೆ.

ಹೆಸರಿನ ಗೊಂದಲವೊಂದನ್ನು ಇಲ್ಲಿ ಬಿಡಿಸಬೇಕು. ಬ್ರೆಟ್ಟಾನೊಮೈಸಿಸ್ ಎಂಬ ಹೆಸರು ಕಾರ್ಲ್ಸ್‌ಬರ್ಗ್‌ನ ಎನ್. ಹೆಚ್. ಕ್ಲೌಸೆನ್ 1904ರಲ್ಲಿ ಕೊಟ್ಟದ್ದು, ಇಂಗ್ಲಿಷ್ ಬಿಯರ್‌ಗಳ ಸಂಬಂಧದಲ್ಲಿ. ಕುಫೆರಾತ್ ಮತ್ತು ವಾನ್ ಲೇರ್ 1921ರಲ್ಲಿ ಲ್ಯಾಂಬಿಕ್‌ನಿಂದ ಬ್ರುಕ್ಸೆಲೆನ್ಸಿಸ್ ಮತ್ತು ಲ್ಯಾಂಬಿಕಸ್‌ಗಳನ್ನು ವರ್ಣಿಸಿದರು. ಇಂದಿನ ವರ್ಗೀಕರಣದಲ್ಲಿ ಲ್ಯಾಂಬಿಕಸ್ ಪ್ರತ್ಯೇಕ ಪ್ರಭೇದವಲ್ಲ, ಬ್ರುಕ್ಸೆಲೆನ್ಸಿಸ್‌ನ ಸಮಾನಾರ್ಥಕ. ಮಾರುಕಟ್ಟೆಯಲ್ಲಿ ಈ ಎರಡು ಹೆಸರಿನ ತಳಿಗಳು ಬೇರೆಬೇರೆಯಾಗಿ ಸಿಗುತ್ತವೆ. ಅವುಗಳ ನಡುವಿನ ವ್ಯತ್ಯಾಸ ತಳಿಯದು, ಪ್ರಭೇದದ್ದಲ್ಲ. ಡೆಕ್ಸ್ಟ್ರಿನ್ ಒಡೆಯುವ ಸಾಮರ್ಥ್ಯವೂ ತಳಿಯಿಂದ ತಳಿಗೆ ಬದಲಾಗುವುದರಿಂದ 1993ರ ಫಲಿತಾಂಶವನ್ನು ಪ್ರತಿಯೊಂದು ತಳಿಗೂ ಅನ್ವಯಿಸುವುದು ಸರಿಯಲ್ಲ.

45°ಯ ಹಂತಕ್ಕೂ ಒಂದು ಸಮರ್ಥನೆ ಇದೆ. ಧಾನ್ಯದ ಕೋಶಭಿತ್ತಿಯಿಂದ ಫೆರ್ಯುಲಿಕ್ ಆಮ್ಲ ಬಿಡುಗಡೆಯಾಗುವುದು ಇದೇ ಉಷ್ಣತೆಯ ಸುತ್ತ ಹೆಚ್ಚು. ಬ್ರೆಟ್ಟಾನೊಮೈಸಿಸ್ ಅದನ್ನು 4-ವಿನೈಲ್ ಗ್ವಾಯಕಾಲ್ ಮೂಲಕ 4-ಈಥೈಲ್ ಗ್ವಾಯಕಾಲ್ ಆಗಿ ಮಾರ್ಪಡಿಸಬಲ್ಲದು. ಲ್ಯಾಂಬಿಕ್‌ನ ಹೊಗೆ-ಲವಂಗದ ವಾಸನೆಗೆ ಇದು ಕಾರಣಗಳಲ್ಲಿ ಒಂದಾಗಿರಬಹುದು.

8. ಮೂರು ಸರಳ ರೂಪಗಳ ಹೋಲಿಕೆ

8.1. ಒಂದೇ ಉಷ್ಣತೆಯ ಮ್ಯಾಶ್. 68–70°ಯಲ್ಲಿ ಒಮ್ಮೆ ಕಲಸಿ ನಿಲ್ಲಿಸುವುದು, ಬೇಕಿದ್ದರೆ ಹಂಡೆಗೆ ಮಾಲ್ಟೊಡೆಕ್ಸ್ಟ್ರಿನ್ ಸೇರಿಸುವುದು. 20 ಲೀಟರಿಗೆ 250 ಗ್ರಾಂ ಎಂದರೆ ಲೀಟರಿಗೆ 12.5 ಗ್ರಾಂ, ಮೇಲಿನ ವರ್ಟ್‌ನ ಸಾರದ ಹತ್ತನೇ ಒಂದು ಪಾಲು. ಡೆಕ್ಸ್ಟ್ರಿನ್‌ನ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ನಿಗದಿಪಡಿಸಬಹುದಾದದ್ದು ಇದರ ಅನುಕೂಲ. ಕೊರತೆ ಎರಡು. 45°ಯ ಹಂತ ಇಲ್ಲವಾಗುತ್ತದೆ. ಮಾಲ್ಟೊಡೆಕ್ಸ್ಟ್ರಿನ್‌ನಲ್ಲಿ ಗೋಧಿಯ ಪ್ರೋಟೀನಾಗಲಿ ಬೇಯಿಸಿದ ಪಿಷ್ಟವಾಗಲಿ ಇಲ್ಲ.

8.2. ಒಮ್ಮೆ ಮಾತ್ರ ತೆಗೆಯುವ ಮ್ಯಾಶ್. 3.47 ಕೆ.ಜಿ. ಧಾನ್ಯಕ್ಕೆ 5.2 ಲೀಟರ್ ನೀರನ್ನು 56.7°ಯಲ್ಲಿ ಸೇರಿಸಿದರೆ 50°. ಹತ್ತು ನಿಮಿಷದ ನಂತರ 1.7 ಲೀಟರ್ ಕದಡು ದ್ರವ ತೆಗೆದು ನೇರವಾಗಿ ಹಂಡೆಯಲ್ಲಿ ಕಾಯಿಸುವುದು. ಉಳಿದ ಮ್ಯಾಶ್‌ಗೆ 2.52 ಲೀಟರ್ ಕುದಿನೀರು ಹಾಕಿದರೆ 67°. ಅಲ್ಲಿ 40 ನಿಮಿಷ ನಿಲ್ಲಿಸಿ, 85°ಯ ಸ್ಪಾರ್ಜ್ ನೀರು 19.75 ಲೀಟರ್ ಹಾಯಿಸಿದರೆ ಕುದಿಯುವ ಮುನ್ನ 24 ಲೀಟರ್ ಸಿಗುತ್ತದೆ. ಅದನ್ನು 20 ಲೀಟರಿಗೆ ತರಲು ದೀರ್ಘ ಕುದಿತ ಬೇಡ. ಮೂಲ ಕ್ರಮಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಕದಡು ದ್ರವ ಮ್ಯಾಶ್‌ಗೆ ಮರಳದಿರುವುದು. ಉಳಿದ ಆಲ್ಫಾ-ಅಮೈಲೇಸ್‌ನ ಕೈಗೆ ಸಿಗದ ಕಾರಣ ಇಲ್ಲಿ ಡೆಕ್ಸ್ಟ್ರಿನ್‌ಗಿಂತ ಪಿಷ್ಟವೇ ಹೆಚ್ಚು ಉಳಿಯುವ ಸಂಭವವಿದೆ. ಧಾನ್ಯದ ಹಾಸಿನಲ್ಲಿ ಸೋಸದ ಕಾರಣ ಹಂಡೆಯ ತಳ ಹಿಡಿಯುವ ಅಪಾಯವೂ ಹೆಚ್ಚು.

8.3. ಹಂಡೆಗೆ ಗೋಧಿಹಿಟ್ಟು. 100 ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕುದಿಯುವ ವರ್ಟ್‌ಗೆ ಸೇರಿಸುವುದು. ಹಿಟ್ಟಿನ ಸುಮಾರು ಶೇ. 70 ಪಿಷ್ಟವೆಂದರೆ 20 ಲೀಟರಿನಲ್ಲಿ ಲೀಟರಿಗೆ 3.5 ಗ್ರಾಂ. ಮೂರರಲ್ಲಿ ಅತ್ಯಂತ ಸುಲಭವಾದದ್ದು ಇದು. ಆದರೆ ಪಿಷ್ಟ ಮಾತ್ರ ಸೇರುತ್ತದೆ, ಡೆಕ್ಸ್ಟ್ರಿನ್ ಹೆಚ್ಚುವುದಿಲ್ಲ. 8.1ರ ಜೊತೆಗೂಡಿಸಿದಾಗ ಮಾತ್ರ ಮೂಲದ ವರ್ಟ್‌ಗೆ ಹತ್ತಿರವಾದೀತು.

ಹೋಲಿಕೆಗೆ ಅಯೋಡಿನ್ ಪರೀಕ್ಷೆ ಸಾಕಷ್ಟು ನೆರವಾಗುತ್ತದೆ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ತಣಿದ ವರ್ಟ್‌ನ ಒಂದು ತೊಟ್ಟು, ಅದರ ಪಕ್ಕಕ್ಕೆ ಅಯೋಡಿನ್ ದ್ರಾವಣದ ಒಂದು ತೊಟ್ಟು. ಎರಡೂ ಕೂಡುವ ಅಂಚಿನಲ್ಲಿ ಕಡುನೀಲಿ ಬಂದರೆ ಪಿಷ್ಟ, ಕೆಂಪುಕಂದು ಬಂದರೆ ದೊಡ್ಡ ಡೆಕ್ಸ್ಟ್ರಿನ್, ಅಯೋಡಿನ್‌ನ ಹಳದಿಯೇ ಉಳಿದರೆ ಎರಡೂ ಗಣನೀಯವಾಗಿಲ್ಲ. ಇಲ್ಲಿನ ವಾದ ಸರಿಯಾದರೆ ಮೂಲ ಕ್ರಮದ ವರ್ಟ್ ಕೆಂಪುಕಂದಿನ ಕಡೆಗೆ, 8.2ರ ವರ್ಟ್ ನೀಲಿಯ ಕಡೆಗೆ ವಾಲಬೇಕು. ಪರೀಕ್ಷೆಗಿಟ್ಟ ಹನಿ ಅಯೋಡಿನ್ ಸೋಕಿದ್ದಾದ್ದರಿಂದ ಚೆಲ್ಲಬೇಕು, ಹಂಡೆಗೆ ಮರಳಿಸಬಾರದು.

9. ನಿರ್ಣಯ

ಮೇಲಿನ ಆಧಾರಗಳಿಂದ ಸಿಗುವ ನಿರ್ಣಯ ಮಿತವಾದದ್ದು.

ಸಾಂಪ್ರದಾಯಿಕ ಕ್ರಮದಲ್ಲಿ ಎರಡು ಬಗೆಯ ಅಂಶಗಳು ಹೆಣೆದುಕೊಂಡಿವೆ. ಅತಿ ಗಟ್ಟಿ ಮ್ಯಾಶ್, ಪದೇಪದೇ ಕುದಿನೀರಿನ ಏರಿಕೆ, ಇವು ತೊಟ್ಟಿಯ ಗಾತ್ರದಿಂದ ಮತ್ತು ಅದರ ಹಿಂದಿನ ತೆರಿಗೆಯಿಂದ ಬಂದವೆಂದು ತೋರುತ್ತದೆ. ದೀರ್ಘ ಕುದಿತ ಭಾಗಶಃ ಸ್ಪಾರ್ಜ್‌ನ ನೀರಿನಿಂದ ಬಂದದ್ದು. ಮನೆಯ ಅಳತೆಯಲ್ಲಿ ಇವನ್ನು ಬಿಟ್ಟರೆ ವರ್ಟ್‌ನ ಸ್ವರೂಪ ಮೂಲಭೂತವಾಗಿ ಬದಲಾಗಬೇಕಾಗಿಲ್ಲ. ಪಿಷ್ಟದ ಒಂದು ಪಾಲನ್ನು ಕಿಣ್ವಗಳಿಂದ ಬೇರ್ಪಡಿಸಿ ಕಾಯಿಸುವುದು, 85°ಯ ಸ್ಪಾರ್ಜ್, 45–50°ಯ ಆರಂಭ, ಈ ಮೂರು ವರ್ಟ್‌ನ ರಸಾಯನವನ್ನೇ ಮುಟ್ಟುತ್ತವೆ. ಸರಳಗೊಳಿಸುವಾಗ ಉಳಿಸಿಕೊಳ್ಳಲು ಇವುಗಳಿಗೆ ಆದ್ಯತೆ ಇರಬೇಕು. ಈ ದೃಷ್ಟಿಯಿಂದ 8.2 ಮೂಲಕ್ಕೆ ಹತ್ತಿರದ ಸರಳ ರೂಪ. 8.1 ಅಳತೆಯ ಖಚಿತತೆಗೆ ಉತ್ತಮ.

ಇದು ವರ್ಟ್‌ನ ಕುರಿತ ನಿರ್ಣಯ. ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಕಳೆದ ಬಿಯರ್‌ನ ರುಚಿಗೆ ಇದನ್ನು ವಿಸ್ತರಿಸಲು ಮೇಲಿನ ಲೆಕ್ಕಗಳು ಸಾಲವು. ಮ್ಯಾಶ್ ಬದಲಿಸಿದವರು ಹಲವು ಬಾರಿ ಜೊತೆಗೇ ಹಾಪ್ಸ್, ತಳಿ, ಪಾತ್ರೆಗಳನ್ನೂ ಬದಲಿಸಿರುತ್ತಾರೆ. ಆಗ ಯಾವುದರ ಫಲ ಯಾವುದು ಎಂದು ಹೇಳುವಂತಿರುವುದಿಲ್ಲ.

ಹೋಲಿಸಬಲ್ಲ ದಾಖಲೆಗೆ ಹೆಚ್ಚೇನೂ ಬೇಕಾಗಿಲ್ಲ. ತೆಗೆದ ಕದಡು ದ್ರವದ ಪ್ರಮಾಣ ಲೀಟರ್‌ನಲ್ಲಿ, ಅದು 60°ಯಿಂದ 80°ಗೆ ಏರಲು ಹಿಡಿದ ನಿಮಿಷಗಳು, ಕುದಿಯುವ ಮುನ್ನ ವರ್ಟ್‌ನ ಅಯೋಡಿನ್ ಬಣ್ಣ. ಉಷ್ಣತೆಯ ಪಟ್ಟಿಯ ಪಕ್ಕದಲ್ಲಿ ಈ ಮೂರು ಅಂಕಣಗಳಿದ್ದರೆ, 52°ಯ ಪಾಠ ಮತ್ತು 58°ಯ ಪಾಠ ಎರಡೂ ಒಂದೇ ವರ್ಟ್ ಕೊಡುತ್ತವೆಯೇ ಎಂಬುದನ್ನು ತಟ್ಟೆಯ ಮೇಲಿನ ಬಣ್ಣದಿಂದಲೇ ಪರಿಶೀಲಿಸಬಹುದು.